ಸಣ್ಣತಾಯಮ್ಮನ ಸನ್ಮಾನ

ಸಣ್ಣತಾಯಮ್ಮನಿಗೆ ಸನ್ಮಾನ ಮಾಡುತ್ತೇವೆ ಎಂದು ಹೆಡ್‌ಮಾಸ್ಟರ್ ರಾಮಣ್ಣನವರು ಹೇಳಿದಾಗ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಅನುಮಾನ.

ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ಹಳೇಬೀಡಿನ ಆಚೆ ನಮ್ಮ ಕೇರಿಗೆ ಊರೊಳಗಿನವರು ಯಾರಾದರೂ ನಗುತ್ತಾ ಬಂದರೆ ನಮ್ಮಪ್ಪ ಮೊದಲು ಅವರ ಕೈ ನೋಡುತ್ತಿದ್ದ. ಕೈಯಲ್ಲಿ ಹಗ್ಗವಿದ್ದರೆ ಸತ್ತ ದನ ಎಳೆಯಬೇಕು. ಕಾಗದವಿದ್ದರೆ ಹೆಬ್ಬೆಟ್ಟು ಒತ್ತಬೇಕು. ಬರಿಗೈಯಲ್ಲಿ ಬಂದರೆ ವೋಟು. ನಾನು ಓದಿದೆ, ಟೀಚರ್ ಆದೆ. ಅರಸೀಕೆರೆಯಲ್ಲಿ ಬಾಡಿಗೆ ಮನೆ ಹಿಡಿದೆ. ನಾಲ್ಕು ಮನೆಯವರು ಇಲ್ಲವೆಂದ ಮೇಲೆ ಸಿಕ್ಕ ಐದನೆಯ ಮನೆ ಅದು. ಸಂಬಳ ಬಂದರೂ ಕೈ ನೋಡುವ ಚಾಳಿ ಹೋಗಲಿಲ್ಲ.

ಅದು ಎರಡು ಸಾವಿರದ ಐದನೆಯ ಇಸವಿಯ ನವೆಂಬರ್. ನಾನು ಪಾಠ ಮಾಡುತ್ತಿದ್ದದ್ದು ಸೀಗೆಕಟ್ಟೆ ಶಾಲೆಯಲ್ಲಿ. ಆ ತಿಂಗಳು ಶನಿವಾರ, ಭಾನುವಾರ ಬಂತೆಂದರೆ ಸುತ್ತ ಯಾವುದಾದರೊಂದು ಊರಲ್ಲಿ ಮೈಕು ಕೂಗುತ್ತಿತ್ತು. ದಸರಾ ರಜೆ ಮುಗಿದಿದೆ, ರಾಗಿ ಕೊಯ್ಲಿಗೆ ಇನ್ನೂ ನಾಲ್ಕು ದಿನ ಇದೆ, ಜನಕ್ಕೆ ಬಿಡುವು. ರಾಜ್ಯೋತ್ಸವವನ್ನು ಒಂದನೇ ತಾರೀಖೇ ಮಾಡಬೇಕೆಂದೇನಿಲ್ಲ. ಶಾಮಿಯಾನ ಸಿಕ್ಕ ದಿನ ರಾಜ್ಯೋತ್ಸವ.

ಆ ವರ್ಷ ಹೋಬಳಿ ಮಟ್ಟದ ಪ್ರತಿಭಾ ಕಾರಂಜಿ ನಮ್ಮ ಶಾಲೆಗೆ ಬಂದಿತ್ತು. ಶನಿವಾರ ಮಕ್ಕಳ ಸ್ಪರ್ಧೆ. ಇಪ್ಪತ್ತೆರಡು ಶಾಲೆ, ಐನೂರು ಮಕ್ಕಳು. ಭಾನುವಾರ ಊರಿನ ಯುವಕ ಸಂಘದ ರಾಜ್ಯೋತ್ಸವ. ಎರಡಕ್ಕೂ ಒಂದೇ ಶಾಮಿಯಾನ, ಒಂದೇ ಮೈಕು. ಎಲ್ಲದರ ಯಜಮಾನಿಕೆ ಶಾಲಾ ಸಮಿತಿ ಅಧ್ಯಕ್ಷ ಬೋರಯ್ಯನವರದು. ಅವರಿಗೆ ದೊಡ್ಡ ತೆಂಗಿನ ತೋಟ. ಮಗ ಚೇತನ್‌ಕುಮಾರ್ ಯುವಕ ಸಂಘದ ಮುಖ್ಯಸ್ಥ.

"ಬೋರಯ್ಯನೋರೇ ಹೇಳಿದ್ದು ಮೇಡಂ," ಎಂದರು ಹೆಡ್‌ಮಾಸ್ಟರು. "ಎರಡು ವರ್ಷದಿಂದ ಆಯಮ್ಮ ಮಕ್ಕಳಿಗೆ ಬೇಯಿಸಿ ಹಾಕ್ತಿದ್ದಾಳೆ. ಶಾಲು, ಹಾರ, ಹಣ್ಣಿನ ತಟ್ಟೆ. ಶನಿವಾರ ಬೆಳಿಗ್ಗೆಯಿಂದ್ಲೇ ಸ್ಟೇಜ್ ಮೇಲೆ ಕೂರಿಸೋಣ."

"ಬೆಳಿಗ್ಗೆಯಿಂದ ಯಾಕೆ ಸಾರ್? ಸನ್ಮಾನ ಹತ್ತು ನಿಮಿಷದ್ದಲ್ವಾ?"

"ಗೌರವ ಅಂದ ಮೇಲೆ ಪೂರ್ತಿ ಕೊಡಬೇಕಲ್ವಾ?"

"ಅಡುಗೆ?"

ಅವರು ಹಾಜರಿ ಪುಸ್ತಕ ತೆರೆದು ಅದರೊಳಗೆ ಮುಖ ಇಟ್ಟರು. "ಐನೂರು ಜನದ ಅಡುಗೆ ಆಯಮ್ಮನ ಕೈಲಾಗಲ್ಲ. ಹೊರಗಿನಿಂದ ಅಡುಗೆಯವರನ್ನ ಕರೆಸ್ತಾರಂತೆ."

"ಜೊತೆಗೆ ನಾಲ್ಕು ಜನ ಕೊಟ್ರೆ ಆಗುತ್ತೆ ಸಾರ್."

"ಮೇಡಂ, ನಿಮ್ಮ ಮಾತು ಆಯಮ್ಮ ಕೇಳ್ತಾಳೆ. ನೀವೇ ಹೋಗಿ ಹೇಳಿ."

ನನ್ನ ಮಾತು ಅವಳು ಯಾಕೆ ಕೇಳುತ್ತಾಳೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಸರ್ವಿಸ್ ರಿಜಿಸ್ಟರ್ ಅವರ ಬೀರುವಿನಲ್ಲಿತ್ತು. ನಾನು ಯಾವ ಜನವೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಆಡುವ ಸಂದರ್ಭವನ್ನು ನಾನೂ ತರುತ್ತಿರಲಿಲ್ಲ. ಯಾರ ಮನೆಯಲ್ಲೂ ನೀರು ಕೇಳಿದವಳಲ್ಲ. ಕೊಡಲಿಲ್ಲ ಎನ್ನುವ ಮಾತು ಬರಬಾರದೆಂದು ನಾನೇ ಬಾಟಲಿ ತಂದುಕೊಳ್ಳುತ್ತಿದ್ದೆ. ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಹೆಡ್‌ಮಾಸ್ಟರ ಒಂದು ವರದಿಯ ಮೇಲೆ ನನ್ನ ಅನ್ನ ನಿಂತಿತ್ತು.

ಸಣ್ಣತಾಯಮ್ಮ ಶಾಲೆಯ ಮುಖ್ಯ ಅಡುಗೆಯವಳಾಗಿ ಬಂದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ನೂರಾ ಮೂವತ್ತು ಮಕ್ಕಳಲ್ಲಿ ಉಂಡವರು ಇಪ್ಪತ್ತೊಂದು. ಇಪ್ಪತ್ತೊಂದೂ ಕೇರಿಯ ಮಕ್ಕಳು. ಉಳಿದ ಅನ್ನವನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಎಮ್ಮೆಗಳ ಮುಂದೆ ಸುರಿದಳು. ಮರುದಿನವೂ ನೂರಾ ಮೂವತ್ತು ಮಕ್ಕಳಿಗೇ ಅಕ್ಕಿ ಕೇಳಿದಳು. ಹೆಡ್‌ಮಾಸ್ಟರು ಬೈದರು.

"ಬರೋರ್ಗೆ ಇಲ್ಲ ಅನ್ನಬಾರ್ದು ಸಾ," ಎಂದಳು.

ಶಾಲೆಯ ಮುಂದೆಯೇ ನಲ್ಲಿ ಇತ್ತು. ಅದನ್ನು ಅವಳು ಮುಟ್ಟಿದರೆ ಬೀದಿಯವರು ತೊಳೆದು ನೀರು ಹಿಡಿಯುತ್ತಿದ್ದರು. ಅದಕ್ಕೆ ಕೇರಿಯ ಬೋರ್‌ವೆಲ್ಲಿನಿಂದ ದಿನಕ್ಕೆ ಹದಿನಾರು ಕೊಡ ಹೊತ್ತಳು. ಸೊಂಟದಲ್ಲಿ ಒಂದು, ತಲೆಯ ಮೇಲೆ ಒಂದು. ಹಸಿ ಸೌದೆಯ ಹೊಗೆಗೆ ಕಣ್ಣು ಸದಾ ಕೆಂಪಗಿರುತ್ತಿತ್ತು. ಗಂಜಿ ಬಸಿಯುವಾಗ ಮುಂಗೈ ಸುಟ್ಟುಕೊಂಡು ಚರ್ಮ ಸುಲಿಯಿತು. ಅರಿಶಿನ ಮೆತ್ತಿಕೊಂಡು ಮರುದಿನ ಬಂದಳು. ಸಹಾಯಕಿ ಜಾನಕಮ್ಮ ಊರೊಳಗಿನ ವಿಧವೆ. ಒಂದು ತಿಂಗಳು ಸಣ್ಣತಾಯಮ್ಮನಿಂದ ಮಾರು ದೂರ ಕೂತು ತರಕಾರಿ ಹೆಚ್ಚಿದಳು. ಆಮೇಲೆ ಆ ದೂರ ತಾನಾಗಿಯೇ ಕಡಿಮೆಯಾಯಿತು. ಹೊಗೆ ಇಬ್ಬರ ಕಣ್ಣಿಗೂ ಒಂದೇ.

ಮಳೆಗಾಲ ಬಂತು. ಹುರುಳಿಕಾಳಿನ ಸಾರಿನ ವಾಸನೆ ತರಗತಿಯೊಳಗೆ ನುಗ್ಗುತ್ತಿತ್ತು. ಹಸಿದ ಮಕ್ಕಳು ಎಷ್ಟು ದಿನ ತಡೆಯುತ್ತಾರೆ? ಒಂದು ದಿನ ಬೋರಯ್ಯನವರ ಮೊಮ್ಮಗಳು ನಯನಾ ತಟ್ಟೆ ಹಿಡಿದು ಸಾಲಿನಲ್ಲಿ ಕೂತಳು. ಯಾರೂ ಏನೂ ಅನ್ನಲಿಲ್ಲ. ವರ್ಷ ತುಂಬುವುದರೊಳಗೆ ಎಲ್ಲರೂ ಕೂತರು. ಊರು ಒಪ್ಪಿಕೊಂಡಿತು ಎಂದು ನಾನು ತಿಳಿದೆ. ಊರು ಒಪ್ಪಿಕೊಂಡಿರಲಿಲ್ಲ. ನೋಡದ ಹಾಗೆ ಇತ್ತು, ಅಷ್ಟೆ.

ಹೆಡ್‌ಮಾಸ್ಟರು ಸನ್ಮಾನದ ಮಾತು ಹೇಳಿದ ದಿನವೇ ಸಂಜೆ ಕೇರಿಗೆ ಹೋದೆ. ಸಣ್ಣತಾಯಮ್ಮ ಅಂಗಳದಲ್ಲಿ ಪೊರಕೆ ಕಟ್ಟುತ್ತಿದ್ದಳು. ಗಂಡ ಜವರಪ್ಪ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಮೂವತ್ತು ವರ್ಷ ಮೂಟೆ ಹೊತ್ತು ಅವನ ಕತ್ತಿನ ಹಿಂದೆ ಎತ್ತಿನ ಹೆಗಲಿನ ಹಾಗೆ ಗಂಟು ಕಟ್ಟಿತ್ತು. ವಿಷಯ ಹೇಳಿದೆ.

"ನಂಗ್ಯಾಕವ್ವ ಶಾಲು?" ಎಂದಳು ಅವಳು. "ಶಾಲು ಹೊದ್ಸೋದು ಎಮ್ಮೆಲ್ಲೆಗೆ, ಇಲ್ಲಾಂದ್ರೆ ಹೆಣಕ್ಕೆ."

"ಲೇ, ಬಾಯ್ಮುಚ್ಚು," ಎಂದ ಜವರಪ್ಪ. ಎದ್ದು ನಿಂತಿದ್ದ. "ಟೀಚರಮ್ಮ, ನಿಜ್ವಾ? ಸ್ಟೇಜ್ ಮ್ಯಾಲೆ? ಕುರ್ಚಿ ಹಾಕಿ ಕೂರುಸ್ತಾರಾ?"

"ಹೂಂ."

"ಪೋಟ ತೆಗೀತಾರಾ?"

"ತೆಗೀಬಹುದು."

"ನಾನು ಮಂಡಿಗೆ ರಜ ಹಾಕ್ತೀನಿ," ಎಂದ. "ನಮ್ಮಪ್ಪ ಈ ಊರ್ನಾಗೆ ಸ್ಟೇಜು ಕಟ್ಟಕ್ಕೆ ಗಳ ಹೊತ್ತು ಹೊತ್ತು ಸತ್ತ. ನಾನೂ ಹೊತ್ತಿದ್ದೀನಿ. ಮ್ಯಾಲೆ ಹತ್ತಿದೋರು ಯಾರೂ ಇಲ್ಲ."

ಸಣ್ಣತಾಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಡುಗೆ ನಾನೇ ತಾನೇ ಮಾಡೋದು?"

ನನಗೆ ಗೊತ್ತಿದ್ದದ್ದನ್ನು ಅಲ್ಲೇ ಹೇಳಬಹುದಾಗಿತ್ತು. ಜವರಪ್ಪನ ಮುಖ ನೋಡಿದೆ. ಬಾಯಿ ಬರಲಿಲ್ಲ. ಅದು ಅರ್ಧ ನಿಜ. ಇನ್ನರ್ಧ ನನ್ನ ಪ್ರೊಬೇಷನ್.

"ಸನ್ಮಾನದ ದಿನ ಅಡುಗೆ ಯಾಕಮ್ಮ? ಅವತ್ತು ನಿಮಗೆ ರಜಾ," ಎಂದೆ.

"ರಜಾ," ಎಂದಳು. ಪೊರಕೆಯ ಕಟ್ಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದಳು. "ನಮ್ಗೆ ಯಾರವ್ವ ಸುಮ್ಸುಮ್ನೆ ರಜ ಕೊಟ್ಟವ್ರೆ?"

ಶುಕ್ರವಾರ ಅವಳಿಗೆ ರಜಾ ಇರಲಿಲ್ಲ. ಶಾಮಿಯಾನದ ಜಾಗವನ್ನೆಲ್ಲ ಗುಡಿಸಿದಳು. ಸಗಣಿ ತಂದು ಸಾರಿಸಿದಳು. ಡ್ರಮ್ಮುಗಳಿಗೆ ನಲವತ್ತು ಕೊಡ ನೀರು ಹೊತ್ತಳು. ಬಾಡಿಗೆಗೆ ತಂದ ಕೊಪ್ಪರಿಗೆಗಳಿಗೆ ಹಳೆಯ ಎಣ್ಣೆಯ ಜಿಡ್ಡು ಹಿಡಿದಿತ್ತು. ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿದಳು. ಒಂದೊಂದು ಕೊಪ್ಪರಿಗೆಯೊಳಗೂ ಮೈ ಅರ್ಧ ಇಳಿಸಿಕೊಂಡು ಉಜ್ಜಬೇಕು. ಕೈ ಬೆರಳುಗಳ ತುದಿ ಬಿಳಚಿಕೊಂಡು ಸುಕ್ಕಾಗಿತ್ತು. ಹೀಗೆ ಅವಳ ಕೈ ಮುಟ್ಟದ ಪಾತ್ರೆಯಿಲ್ಲ, ಅವಳು ಹೊರದ ನೀರಿಲ್ಲ. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಸಂಜೆ ಅಡುಗೆಯವರು ಟೆಂಪೋದಲ್ಲಿ ಬಂದರು, ಐದು ಜನ. ಅವರ ಮುಖಂಡ ಉಜ್ಜಿಟ್ಟ ಕೊಪ್ಪರಿಗೆಗಳನ್ನು ನೋಡಿ "ಯಾರು ತೊಳ್ದಿದ್ದು?" ಎಂದು ಕೇಳಿದ. ಚೇತನ್‌ಕುಮಾರ್ ಅವನ ಕಿವಿಯಲ್ಲಿ ಏನೋ ಹೇಳಿದ. ಆತ ಒಂದು ಚೊಂಬು ನೀರು ತೆಗೆದುಕೊಂಡು ಎಲ್ಲ ಪಾತ್ರೆಗಳ ಮೇಲೂ ಚಿಮುಕಿಸಿದ. ಸಣ್ಣತಾಯಮ್ಮ ಹತ್ತು ಹೆಜ್ಜೆ ದೂರದಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಸೆರಗು ಕೊಡವಿಕೊಂಡು ಮನೆಗೆ ಹೋದಳು.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳನ್ನು ಸ್ಟೇಜ್ ಹತ್ತಿಸಿದರು. ಹಸಿರು ಸೀರೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಾಕಿ ಬಿಗಿದು ತುರುಬು ಕಟ್ಟಿದ್ದಳು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕೊನೆಯ ಕುರ್ಚಿ ಅವಳದು. ಪಕ್ಕದ ಎರಡು ಕುರ್ಚಿ ಖಾಲಿ. ಶಾಮಿಯಾನದ ಬಟ್ಟೆ ಅಲ್ಲಿಗೆ ಮುಗಿದಿತ್ತು. ಬಿಸಿಲು ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು.

ಜವರಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಕೂರಿ ಎಂದರೂ ಕೂರಲಿಲ್ಲ.

ಸ್ಪರ್ಧೆ ಶುರುವಾಯಿತು. ಕಂಠಪಾಠ, ಕೋಲಾಟ, ಜಾನಪದ ಗೀತೆ. ರಾಗಿ ಬೀಸುವ ಹಾಡನ್ನು ಎಂದೂ ಬೀಸದ ಮಕ್ಕಳು ಹಾಡಿದರು. ತೀರ್ಪುಗಾರರು ತಲೆದೂಗಿದರು. ಛದ್ಮವೇಷದಲ್ಲಿ ಒಬ್ಬ ಹುಡುಗನಿಗೆ ನೀಲಿ ಕೋಟು, ಕನ್ನಡಕ ಹಾಕಿ, ಕಂಕುಳಲ್ಲಿ ದಪ್ಪ ಪುಸ್ತಕ ಇಟ್ಟು ನಿಲ್ಲಿಸಿದ್ದರು. ಎಲ್ಲರೂ ಸಮಾನರು ಎಂದು ಕೂಗಿ ಹೇಳಿದ. ಬೋರಯ್ಯನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಸಣ್ಣತಾಯಮ್ಮನಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ತೊಡೆಯ ಮೇಲೆ ಇಡುವಳು. ಸೆರಗಿನೊಳಗೆ ಸೇರಿಸುವಳು. ಹನ್ನೊಂದರ ಹೊತ್ತಿಗೆ ಏಳಲು ಹೋದಳು. ಮೈಕು ಹಿಡಿದಿದ್ದ ಚೇತನ್‌ಕುಮಾರ್ ಓಡಿಬಂದ.

"ಕೂತ್ಕೊಳಿ ಅಮ್ಮಾ, ಕೂತ್ಕೊಳಿ. ನೀವಿವತ್ತು ಗೆಸ್ಟು."

"ವಸಿ ಒಲೆ ತಾವ ನೋಡ್ಕೊಂಡು—"

"ಅದೆಲ್ಲ ಅವರು ನೋಡ್ಕೊಳ್ತಾರೆ. ನೀವು ಇಳೀಬಾರ್ದು."

ಎರಡು ವರ್ಷದಲ್ಲಿ ಅವನು ಅವಳಿಗೆ ಅಮ್ಮಾ ಎಂದದ್ದು ಅದೇ ಮೊದಲು. ಮತ್ತೆ ಅರ್ಧ ಗಂಟೆ ಬಿಟ್ಟು ಎದ್ದಳು. ಈ ಸಲ ಹೆಡ್‌ಮಾಸ್ಟರೇ ಕೈಮುಗಿದು ಕೂರಿಸಿದರು. ಕೈಮುಗಿದು ಕಟ್ಟಿಹಾಕುವುದನ್ನು ನಾನು ಅಂದು ನೋಡಿದೆ.

ಹನ್ನೆರಡು ಗಂಟೆಗೆ ನೆರಳು ಹುಡುಕಿಕೊಂಡು ಬೇರೆ ಊರಿನ ಟೀಚರ್ ಲಲಿತಮ್ಮ ನನ್ನ ಪಕ್ಕ ಬಂದು ಕೂತರು. ಒಳ್ಳೆಯ ಹೆಂಗಸು. ಮಾತಿಗೆ ಮಾತು ಬಂತು.

"ನಮ್ಮೂರೋರು ಮಕ್ಕಳನ್ನ ಕಳಿಸಲ್ಲ ಅಂತ ಕೂತಿದ್ರು ಕಣ್ರೀ. ನಿಮ್ಮ ಅಡುಗೆಯವಳ ವಿಷಯ ಎಲ್ಲೋ ಕೇಳಿದ್ರಂತೆ. ನಿಮ್ಮ ನೋಟಿಸು ತೋರಿಸಿದ ಮೇಲೆ ಒಪ್ಪಿದ್ರು."

"ಯಾವ ನೋಟಿಸು?"

"ಇದೇ ರೀ, ನೀವು ಕಳಿಸಿದ್ದಲ್ವಾ?"

ವ್ಯಾನಿಟಿ ಬ್ಯಾಗಿನಿಂದ ತೆಗೆದುಕೊಟ್ಟರು. ನನ್ನದೇ ಅಕ್ಷರ. ಅಕ್ಷರ ದುಂಡಗಿದೆ ಎಂದು ಹೆಡ್‌ಮಾಸ್ಟರು ಇಪ್ಪತ್ತೆರಡು ಶಾಲೆಯ ನೋಟಿಸನ್ನೂ ನನ್ನಿಂದಲೇ ಬರೆಸಿದ್ದರು. ದಿನಾಂಕ, ಸಮಯ, ಸ್ಪರ್ಧೆಗಳ ಹೆಸರು. ಮಧ್ಯಾಹ್ನದ ಊಟದ ವ್ಯವಸ್ಥೆ ಇರುತ್ತದೆ. ಅಲ್ಲಿಗೆ ನಾನು ಬರೆದದ್ದು ಮುಗಿದಿತ್ತು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಹೆಡ್‌ಮಾಸ್ಟರ ಓರೆ ಅಕ್ಷರದಲ್ಲಿ ಒಂದು ಸಾಲು ಸೇರಿತ್ತು. 'ಅಂದಿನ ಅಡುಗೆ ಮಾಡುವವರೂ ಬಡಿಸುವವರೂ ಶಾಲೆಯ ಅಡುಗೆಯವರಾಗಿರುವುದಿಲ್ಲ. ಪೋಷಕರಿಗೆ ತಿಳಿಸಿ ಮಕ್ಕಳನ್ನು ನಿಸ್ಸಂಕೋಚವಾಗಿ ಕಳುಹಿಸುವುದು.'

ನಿಸ್ಸಂಕೋಚವಾಗಿ.

ಆ ಪದವನ್ನು ನಾನು ನಾಲ್ಕು ಸಲ ಓದಿದೆ. ನೂರಾ ಮೂವತ್ತು ಮಕ್ಕಳು ದಿನವೂ ಅವಳ ಕೈಯಲ್ಲಿ ಉಂಡದ್ದು ಇವರಿಗೆ ಸಂಕೋಚ. ಅದು ಊರಿನೊಳಗೆ ಇರಬೇಕು, ನೆಂಟರಿಷ್ಟರ ಊರುಗಳಿಗೆ ತಿಳಿಯಬಾರದು. ಬೋರಯ್ಯನವರ ಮೊಮ್ಮಗಳು ಯಾರ ಕೈಯ ಅನ್ನ ಉಣ್ಣುತ್ತಾಳೆಂದು ಬೀಗರು ಕೇಳಬಾರದು. ಅದಕ್ಕೇ ಶಾಲು. ಅದಕ್ಕೇ ಬೆಳಿಗ್ಗೆಯಿಂದ ಕುರ್ಚಿ. ಅವಳ ಕೈಯನ್ನು ಸೌಟಿನಿಂದ ದೂರ ಇಡಲು ಅವರಿಗೆ ಸಿಕ್ಕ ಹಗ್ಗ ಸನ್ಮಾನ. ಅದನ್ನು ಹೊತ್ತುಕೊಂಡು ಹೋಗಿ ಅವಳ ಕೈಗೆ ಕಟ್ಟಿದವಳು ನಾನು.

ಒಂದು ಗಂಟೆಗೆ ಊಟದ ಬೆಲ್ಲು ಹೊಡೆಯಿತು. ಮಕ್ಕಳು ಶಾಮಿಯಾನದ ಬಲಗಡೆ ಸಾಲಾಗಿ ಕೂತರು. ಅದೇ ಹೊತ್ತಿಗೆ ಚೇತನ್‌ಕುಮಾರ್ ಮೈಕಿನಲ್ಲಿ ಸನ್ಮಾನ ಎಂದು ಕೂಗಿದ. ಬಡಿಸುವ ಹೊತ್ತಿಗೇ ಇಟ್ಟಿದ್ದರು. ಬೋರಯ್ಯನವರು ಎದ್ದರು.

"ಈ ಯಮ್ಮ ನಮ್ಮೂರ ಅನ್ನಪೂರ್ಣೆ," ಎಂದರು. "ಜಾತಿ ಗೀತಿ ಅನ್ನೋದು ನಮ್ಮ ಸೀಗೆಕಟ್ಟೇಲಿ ಇಲ್ಲ."

ನಾನು ಸ್ಟೇಜ್ ಹತ್ತಿದೆ. ಹಣ್ಣಿನ ತಟ್ಟೆ ಸರಿ ಮಾಡುವವಳ ಹಾಗೆ ಸಣ್ಣತಾಯಮ್ಮನ ಪಕ್ಕ ಬಗ್ಗಿದೆ. ಆ ಸಾಲನ್ನು ಅವಳ ಕಿವಿಯಲ್ಲಿ ಓದಿದೆ. ಅವಳಿಗೆ ಪೂರ್ತಿ ಅರ್ಥವಾಗಲಿಲ್ಲ.

"ನಿಸ್ಸಂಕೋಚ ಅಂದ್ರೆ?"

"ಇವತ್ತು ನೀವು ಮುಟ್ಟಿರಲ್ಲ, ಅದಕ್ಕೆ ಹೆದರದೆ ಕಳಿಸಿ ಅಂತ."

ಅವಳು ಕೇಳಿ ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. ಬೋರಯ್ಯನವರು ಬಂದು ಮೈಗೆ ತಾಗದ ಹಾಗೆ, ತುದಿಬೆರಳಲ್ಲಿ ಶಾಲು ಹಿಡಿದು ಅವಳ ಹೆಗಲಿನ ಮೇಲೆ ಬಿಟ್ಟರು. ಹಾರವನ್ನೂ ಹಾಗೆಯೇ ಹಾಕಿದರು. ಫೋಟೋದವನು ಕ್ಲಿಕ್ಕಿಸಿದ. ಹಿಂದೆ ಜವರಪ್ಪ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದ.

ಎರಡು ಮಾತಾಡಿ ಎಂದು ಚೇತನ್‌ಕುಮಾರ್ ಮೈಕು ಚಾಚಿದ. ಮಾತಾಡಲಾರಳು ಎಂಬ ಧೈರ್ಯ ಅವನಿಗೆ. ಅವಳು ಮೈಕು ಹಿಡಿದಳು.

"ನಂಗೆ ಓದಕ್ಕೆ ಬರಲ್ಲ," ಎಂದಳು. ಮೈಕು ಕಿರ್ರೆಂದಿತು. "ಊರೂರ್ಗೆ ಕಾಗ್ದ ಬರ್ದವ್ರಂತೆ. ಇವತ್ತು ಅಡುಗೆ ನಂದಲ್ಲ, ಬಡ್ಸೋದೂ ನಾನಲ್ಲ, ಹೆದರ್ಕೋಬೇಡಿ ಅಂತ. ಸೀಗೆಕಟ್ಟೆ ಹೈಕ್ಳಾ, ಎಲ್ಡು ವರ್ಷದಿಂದ ನನ್ ಕೈಲಿ ಉಣ್ತಾ ಇದ್ದೀರಲ್ಲ, ಯಾರ್ಗಾನಾ ಹೊಟ್ಟೆನೋವು ಬಂತಾ?"

"ಇಲ್ಲಾ," ಎಂದು ಮಕ್ಕಳು ಕೂಗಿದವು. ಅವಕ್ಕೆ ಏನು ಗೊತ್ತು.

ಚೇತನ್‌ಕುಮಾರ್ ಮೈಕು ಕಸಿದುಕೊಂಡ. ಅವಳು ಬಿಟ್ಟುಕೊಟ್ಟಳು. ಹಾರ ತೆಗೆದು ಕುರ್ಚಿಯ ಮೇಲೆ ಇಟ್ಟಳು. ಸ್ಟೇಜ್ ಇಳಿದು ನೇರ ಒಲೆಯ ಕಡೆ ನಡೆದಳು. ಸಾರಿನ ಕೊಳಗ ಆಗಷ್ಟೇ ಒಲೆಯಿಂದ ಇಳಿದಿತ್ತು. ಹೆಗಲಿನ ಶಾಲು ಎಳೆದು ಮಸಿಬಟ್ಟೆಯ ಹಾಗೆ ಎರಡು ಮಡಿಕೆ ಮಾಡಿದಳು. ಕೊಳಗದ ಎರಡು ಕಿವಿ ಹಿಡಿದು ಎತ್ತಿದಳು. ಜರಿಯಂಚಿಗೆ ಮಸಿ ಹತ್ತಿತು.

"ಏಯ್, ಏಯ್, ಮುಟ್ಬೇಡ," ಎಂದು ಅಡುಗೆಯವರ ಮುಖಂಡ ಕೂಗಿದ.

"ಮುಟ್ಟಾಯ್ತು ಕಣಪ್ಪ. ನೀರು ಹೊತ್ತೋಳು ನಾನು, ಕೊಪ್ಪರಿಗೆ ಉಜ್ಜಿದೋಳು ನಾನು. ಚುಮುಕ್ಸಿದ್ಯಲ್ಲ ಚೊಂಬ್ನಾಗೆ, ಆ ನೀರೂ ನಾನು ಹೊತ್ತಿದ್ದೇ."

ಅವಳು ನೋಡಿದ್ದಳು. ಶುಕ್ರವಾರ ಸಂಜೆ ಎಲ್ಲವನ್ನೂ ನೋಡಿದ್ದಳು.

ಸಾಲಿನ ತಲೆಗೆ ಬಂದು ಸೌಟು ಎತ್ತಿದಳು. ಹಿಂದೆ ಅನ್ನದ ಬುಟ್ಟಿ ಇರಲಿಲ್ಲ. ಬಡಿಸುವವರು ದೂರ ಸರಿದಿದ್ದರು. ಆಗ ಜವರಪ್ಪ ಬಂದ. ಅವನ ಮುಖದಲ್ಲಿ ಇದ್ದದ್ದೆಲ್ಲ ಇಳಿದುಹೋಗಿತ್ತು. ಮಂಡಿಯಲ್ಲಿ ಮೂಟೆ ಎತ್ತುವ ಹಾಗೆ ಮಂಡಿಯೂರಿ, ಅನ್ನದ ದೊಡ್ಡ ಬುಟ್ಟಿಯನ್ನು ಬಿಳಿ ಅಂಗಿಯ ಎದೆಗೆ ಆನಿಸಿಕೊಂಡು ಎದ್ದ. ಅವನು ಅನ್ನ ಹಾಕಿದ. ಅವಳು ಸಾರು ಬಿಟ್ಟಳು.

ಬೋರಯ್ಯನವರು ಕೂಗಾಡಲಿಲ್ಲ. ನಗುತ್ತಲೇ ಹತ್ತಿರ ಬಂದರು. ದನಿ ತಗ್ಗಿಸಿದರು. "ಸಣ್ಣತಾಯಮ್ಮ, ನಿನ್ನ ಕೆಲ್ಸದ ಆರ್ಡರು ಯಾರ ಕೈಲೈತೆ ಗೊತ್ತಾ?"

"ಗೊತ್ತು ಸ್ವಾಮಿ. ಸೌಟು ಯಾರ ಕೈಲೈತೆ ನೋಡಿ."

ಬೇರೆ ಶಾಲೆಗಳ ಮೇಷ್ಟರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರು 'ಏಳ್ರೋ' ಎಂದರು. ಒಂದು ಸಾಲು ಎದ್ದಿತು. ಇನ್ನೊಂದು ಸಾಲಿನಲ್ಲಿ ಅರ್ಧ ಎದ್ದಿತು. ಲಲಿತಮ್ಮ ತಮ್ಮ ಮಕ್ಕಳಿಗೆ ಏಳಿ ಎಂದೂ ಹೇಳಲಿಲ್ಲ, ಕೂರಿ ಎಂದೂ ಹೇಳಲಿಲ್ಲ. ನೆಲ ನೋಡುತ್ತಾ ನಿಂತರು. ಚೇತನ್‌ಕುಮಾರ್ ಓಡಿಬಂದು ಮಗಳು ನಯನಾಳ ರಟ್ಟೆ ಹಿಡಿದು ಎಳೆದ. ತಟ್ಟೆ ಬಿತ್ತು. ಅನ್ನ ಚೆಲ್ಲಿತು. ಹುಡುಗಿ ಅಳುತ್ತಾ ಕೂಗಿತು.

"ದಿನಾ ತಿಂತೀನಲ್ಲಪ್ಪಾ! ಇವತ್ತು ಯಾಕೆ ಬೇಡ?"

ಇಪ್ಪತ್ತೆರಡು ಊರಿನವರು ಕೇಳಿದರು. ಯಾವ ಮಾತು ಹೊರಗೆ ಹೋಗಬಾರದೆಂದು ಇಷ್ಟೆಲ್ಲ ಮಾಡಿದ್ದರೋ ಆ ಮಾತು ಅವರದೇ ಮನೆಯ ಮಗುವಿನ ಬಾಯಿಂದ ಬಂತು. ಬೋರಯ್ಯನವರ ನಗು ಆಗ ನಿಂತಿತು.

ಹೆಡ್‌ಮಾಸ್ಟರು ನನ್ನ ಹತ್ತಿರ ಬಂದರು. ಬೆವರುತ್ತಿದ್ದರು. "ಮೇಡಂ, ಆಯಮ್ಮನಿಗೆ ಹೇಳಿ. ನಿಮ್ಮ ಮಾತು ಕೇಳ್ತಾಳೆ."

"ಹೇಳಿದ್ದಾಯ್ತು ಸಾರ್. ನೀವು ಬರೆದಿದ್ದನ್ನ ಓದಿ ಹೇಳಿದೆ," ಎಂದೆ.

ಹೋಗಿ ಮಕ್ಕಳ ಸಾಲಿನಲ್ಲಿ, ಖಾಲಿಯಾದ ಜಾಗದಲ್ಲಿ ಕೂತೆ. ಜವರಪ್ಪ ನನ್ನ ತಟ್ಟೆಗೆ ಅನ್ನ ಹಾಕಿದ. ನಾನು ಕಲಸಿ ಉಂಡೆ. ಅದು ಧೈರ್ಯವಲ್ಲ. ನಾಚಿಕೆ.

ಭಾನುವಾರದ ರಾಜ್ಯೋತ್ಸವ ನಡೆಯಿತು. ನಾನು ಹೋಗಲಿಲ್ಲ. ಕೇರಿಯವರು ಯಾರೂ ಹೋಗಲಿಲ್ಲ. ಶಾಮಿಯಾನ ಬಿಚ್ಚಲೂ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಅಡುಗೆಮನೆಗೆ ಹೊಸ ಬೀಗ ಬಿದ್ದಿತ್ತು. ಸಮಿತಿ ಕೂತು ಸಣ್ಣತಾಯಮ್ಮನನ್ನು ತೆಗೆದಿದೆ ಎಂದರು ಹೆಡ್‌ಮಾಸ್ಟರು. ಕಾರಣ, ಕಾರ್ಯಕ್ರಮಕ್ಕೆ ಅಡ್ಡಿ. ಜಾನಕಮ್ಮ ಒಬ್ಬಳೇ ಅಡುಗೆ ಮಾಡಲಿ ಎಂದು ಬೀಗದಕೈ ಕೊಡಲು ಹೋದರು. ಜಾನಕಮ್ಮ ಕೈ ಚಾಚಲಿಲ್ಲ.

"ನನ್ನೊಬ್ಬಳ ರಟ್ಟೇಲಿ ಆಗಾಕಿಲ್ಲ ಸಾ. ಆಯಮ್ಮನ ಬುಟ್ಟು ನಾ ಒಲೆ ಹಚ್ಚಾಕಿಲ್ಲ."

"ನಿಮ್ಮ ಜನ ಏನಂತಾರೆ ಯೋಚ್ನೆ ಮಾಡು."

"ನನ್ ಗಂಡ ಸತ್ತಾಗ ನನ್ ಜನ ಒಂದ್ಸೇರು ರಾಗಿ ಕೊಡ್ಲಿಲ್ಲ. ಆಯಮ್ಮ ನನ್ ಪಾಲಿನ ಕೊಡಾನೂ ಹೊತ್ತವ್ಳೆ."

ಸಣ್ಣತಾಯಮ್ಮ ದಿನವೂ ಒಂಬತ್ತು ಗಂಟೆಗೆ ಬಂದಳು. ಬೀಗದ ಮುಂದಿನ ಜಗುಲಿಯ ಮೇಲೆ ಕೂತಳು. ನಾಲ್ಕು ಗಂಟೆಗೆ ಎದ್ದು ಹೋದಳು. ನಾನು ದೂರು ಬರೆದೆ. ನೋಟಿಸಿನ ಪ್ರತಿ ಅಂಟಿಸಿದೆ. ಜವರಪ್ಪ, ಸಣ್ಣತಾಯಮ್ಮ, ನಾನು ಮೂವರೂ ಬಸ್ಸಿನಲ್ಲಿ ಹೋಗಿ ಮೇಲಿನ ಕಚೇರಿಗೆ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆವು. ಐದನೇ ದಿನ ನನಗೇ ನೋಟಿಸು ಬಂತು. ಶಾಲೆಯ ಶಿಸ್ತಿಗೆ ಧಕ್ಕೆ ತಂದದ್ದಕ್ಕೆ ವಿವರಣೆ ಕೇಳಿದ್ದರು. ಒಂಬತ್ತನೇ ದಿನ ಒಬ್ಬ ಅಧಿಕಾರಿ ಬಂದರು. ಹೆಡ್‌ಮಾಸ್ಟರ ಕೋಣೆಯಲ್ಲಿ ಎಳನೀರು ಕುಡಿದರು. ಜಗುಲಿಯ ಮೇಲೆ ಕೂತವಳನ್ನು ಒಂದು ಮಾತೂ ಕೇಳದೆ ಜೀಪು ಹತ್ತಿದರು.

ಮಕ್ಕಳಿಗೆ ಹತ್ತು ದಿನ ಊಟವಿಲ್ಲ. ಮಧ್ಯಾಹ್ನದ ಮೇಲೆ ತರಗತಿಯಲ್ಲಿ ಮಕ್ಕಳು ತೂಗಾಡುತ್ತಿದ್ದವು. ಅಷ್ಟರಲ್ಲಿ ರಾಗಿ ಕೊಯ್ಲು ಶುರುವಾಗಿತ್ತು. ತಾಯಂದಿರು ಬೆಳಗಾಗುವ ಮುಂಚೆ ಹೊಲಕ್ಕೆ ಹೋಗುತ್ತಿದ್ದರು. ಬುತ್ತಿ ಕಟ್ಟಲು ಯಾರಿಗೂ ಹೊತ್ತಿಲ್ಲ. ಹನ್ನೊಂದನೇ ದಿನ ಹೆಂಗಸರು ಕುಡುಗೋಲು ಹಿಡಿದುಕೊಂಡೇ ಶಾಲೆಗೆ ಬಂದರು, ಮೂವತ್ತು ಜನ. ಕೇರಿಯವರು ಹತ್ತು, ಊರೊಳಗಿನವರು ಇಪ್ಪತ್ತು. ಮುಂದೆ ಇದ್ದವಳು ಊರೊಳಗಿನ ಗಿಡ್ಡಮ್ಮ.

"ಏನ್ ಮೇಷ್ಟ್ರೇ, ನಿಮ್ ಜಾತಿ ಜಗಳಕ್ಕೆ ನಮ್ ಹೈಕ್ಳು ಉಪಾಸ ಬೀಳ್ಬೇಕಾ? ಬೀಗ ತೆಗೀರಿ."

"ಬೋರಯ್ಯನೋರನ್ನ ಒಂದು ಮಾತು ಕೇಳಿ—"

"ಬೋರಯ್ಯ ಬಂದು ನಮ್ ರಾಗಿ ಕುಯ್ತಾನಾ? ತೆಗೀರಿ ಅಂದ್ರೆ."

ಹೆಡ್‌ಮಾಸ್ಟರು ಬೀಗದಕೈಯನ್ನು ಸಣ್ಣತಾಯಮ್ಮನ ಮುಂದೆ ಜಗುಲಿಯ ಮೇಲೆ ಇಟ್ಟರು. "ತೆಕ್ಕೋ, ಒಲೆ ಹಚ್ಚು."

ಅವಳು ಅದನ್ನು ಮುಟ್ಟಲಿಲ್ಲ. "ಹಾಕ್ದೋರೇ ತೆಗೀರಿ ಸಾ."

ಮೂವತ್ತು ಹೆಂಗಸರು ನಿಂತಿದ್ದರು. ಜಾನಕಮ್ಮ ನಿಂತಿದ್ದಳು. ನೂರಾ ಮೂವತ್ತು ಮಕ್ಕಳು ಕಿಟಕಿಗೆ ಮುಖ ಒತ್ತಿಕೊಂಡಿದ್ದವು. ಹೆಡ್‌ಮಾಸ್ಟರು ಬಗ್ಗಿ ಬೀಗದಕೈ ಎತ್ತಿಕೊಂಡರು. ಎರಡು ಸಲ ತಪ್ಪಿತು. ಮೂರನೇ ಸಲ ಬೀಗ ತೆರೆಯಿತು. ಯಾರ ಮುಖವನ್ನೂ ನೋಡದೆ ತಮ್ಮ ಕೋಣೆಗೆ ನಡೆದರು.

ಹೆಂಗಸರು ಹೊಲಕ್ಕೆ ಹೋದರು. ಸಣ್ಣತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಹತ್ತು ದಿನದ ಧೂಳು. ಅಕ್ಕಿಯಲ್ಲಿ ಹುಳ ಬಿದ್ದಿತ್ತು. ಮೊರ ತೆಗೆದು ಕೇರಲು ಕೂತಳು. ನಾನು ಪಕ್ಕದಲ್ಲಿ ಕೂತು ಹುಳ ಆರಿಸತೊಡಗಿದೆ. ನನ್ನನ್ನು ಆ ಶಾಲೆಯಿಂದ ಎತ್ತಿ ಮಾಲೇಕಲ್ಲಿನ ಆಚೆಯ ಊರಿಗೆ ಹಾಕಿದ ಆದೇಶ ಬೆಳಿಗ್ಗೆಯೇ ಕೈಗೆ ಬಂದಿತ್ತು. ಅವಳಿಗೆ ಇನ್ನೂ ಹೇಳಿರಲಿಲ್ಲ.

"ಅಂತೂ ಗೆದ್ರಲ್ಲಮ್ಮ," ಎಂದೆ.

ಅವಳು ಮೊರ ನಿಲ್ಲಿಸಲಿಲ್ಲ. ಬಾಗಿಲ ಕಡೆ ಗಲ್ಲ ಎತ್ತಿ ತೋರಿಸಿದಳು. ಚಿಲಕ ಖಾಲಿಯಾಗಿ ನೇತಾಡುತ್ತಿತ್ತು.

"ಏನ್ ಗೆದ್ದಿದ್ದವ್ವ? ಬೀಗಾನ ಜೇಬ್ಗೆ ಹಾಕ್ಕೊಂಡು ಹೋದ್ರು, ನೋಡ್ಲಿಲ್ವಾ?"

ಹಾಗೆಂದು ಎದ್ದು ಒಲೆ ಹಚ್ಚಿದಳು.